ಬೇಲಿಗೆ ನೆಟ್ಟ ಹೂವು

ಕೆಟ್ಟ ಉದ್ದೇಶವಿಲ್ಲದೆ ಮಾಡಿದ ಕೆಲಸದಿಂದ ಇನ್ನೊಬ್ಬರಿಗೆ ಕೇಡಾದರೆ ಅದರ ಹೊಣೆ ಯಾರದು? ‘ನಾನು ಬೇಕೆಂದು ಮಾಡಿದ್ದಲ್ಲವಲ್ಲ’ ಎಂದು ಕೈತೊಳೆದುಕೊಂಡರೆ ಸಾಕೇ? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ರಸ್ತೆಬದಿಯ ಲಂಟಾನ ಪೊದೆಯನ್ನು ಒಮ್ಮೆ ನೋಡಿ.

ಒಂದೇ ಗೊಂಚಲಿನಲ್ಲಿ ಹಳದಿ, ಕೇಸರಿ, ಕೆಂಪು ಹೂಗಳು. ಚಿಟ್ಟೆಗಳಿಗೆ ಮಕರಂದ, ಹಕ್ಕಿಗಳಿಗೆ ಕಪ್ಪು ಹಣ್ಣು. ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. ಅಲ್ಲಿ ಇದನ್ನು ತಿಂದು ಬದುಕುವ ಕೀಟಗಳಿವೆ. ಹತ್ತು ಗಿಡಗಳ ನಡುವೆ ಇದೂ ಒಂದು. ಯುರೋಪಿನ ತೋಟಗಾರರು ಅಂದಕ್ಕಾಗಿ ಇದರ ಹಲವು ಬೆರಕೆ ತಳಿಗಳನ್ನು ಬೆಳೆಸಿದರು. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂದೋಟಕ್ಕೆಂದು, ಬೇಲಿಗೆಂದು ಭಾರತಕ್ಕೆ ತಂದರು. ಗಿಡ ಹಡಗು ಹತ್ತಿತು. ಅದನ್ನು ಹತೋಟಿಯಲ್ಲಿಟ್ಟಿದ್ದ ಕೀಟಗಳು ಹತ್ತಲಿಲ್ಲ.

ಮುಂದಾದದ್ದು ನಮಗೆಲ್ಲ ಗೊತ್ತು. ಹಕ್ಕಿಗಳು ಬೀಜ ಹರಡಿದವು, ಬೇಲಿ ಕಾಡಿಗೆ ನುಗ್ಗಿತು. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಜಿಂಕೆ, ಕಾಟಿ ಮೇಯುವ ಹುಲ್ಲಿನ ಜಾಗವನ್ನು ಇದು ಆಕ್ರಮಿಸಿತು. ಎಲೆ ತಿಂದ ದನಗಳ ಯಕೃತ್ತು ಕೆಡುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ದೇಶದ ಹುಲಿ ಕಾಡುಗಳಲ್ಲಿ ಸುಮಾರು 1,54,000 ಚದರ ಕಿಲೋಮೀಟರ್ ಪ್ರದೇಶಕ್ಕೆ ಲಂಟಾನ ಹಬ್ಬಿದೆ.

ಇಲ್ಲಿ ಪಾಪಿ ಯಾರು? ಗಿಡವಲ್ಲ, ಬೆಳೆಯುವುದು ಅದರ ಸ್ವಭಾವ. ನೆಟ್ಟವರೂ ದುಷ್ಟರಲ್ಲ, ಚೆಂದದ ಹೂವು ಬಯಸಿದರು, ಅಷ್ಟೆ. ಆದರೆ ದುಷ್ಟತನವಿಲ್ಲ ಎಂದಮಾತ್ರಕ್ಕೆ ನಷ್ಟ ಇಲ್ಲವಾಗುವುದಿಲ್ಲ. ಅದನ್ನು ಯಾರೋ ಹೊರಲೇಬೇಕು. ಈ ಗಿಡವನ್ನು ತರದ ಸೋಲಿಗರು ತಮ್ಮ ಕಾಡಿನಲ್ಲಿ ಅದನ್ನು ಹೊತ್ತಿದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ತೆಗೆದು, ಬಾಗಿಸಿ ಕುರ್ಚಿ ಮಾಡುತ್ತಾರೆ, ಆಳೆತ್ತರ ಮೀರುವ ಆನೆಗಳನ್ನೂ ಹೆಣೆದಿದ್ದಾರೆ. ತಪ್ಪು ಮಾಡದವರೇ ಅದನ್ನು ತಿದ್ದಲು ಕೈಹಾಕಿದ್ದಾರೆ!

ಲಂಟಾನವನ್ನು ಮೇಲೆ ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ. ಮಣ್ಣಿನೊಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ತಲೆಕೆಳಗಾಗಿಸಬೇಕು. ಮರುವರ್ಷ ಬಂದು ಹೊಸ ಸಸಿಗಳನ್ನು ಕೀಳಬೇಕು. ಆ ಜಾಗದಲ್ಲಿ ಹುಲ್ಲು ಮತ್ತೆ ಬೇರೂರುವವರೆಗೂ ಈ ಕೆಲಸ ಬಿಡುವಂತಿಲ್ಲ.

ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ತಮಾಷೆಗೆ ಆಡಿದ ಒಂದು ಮಾತು ಅಣ್ಣತಮ್ಮಂದಿರನ್ನು ಅಗಲಿಸಿರಬಹುದು. ‘ಕ್ಷಮಿಸಿ, ಉದ್ದೇಶವಿರಲಿಲ್ಲ’ ಎನ್ನುವುದು ಮೇಲಿನ ಕೊಂಬೆ ಸವರಿದಂತೆ. ಮರುವರ್ಷವೂ ಆ ಮನೆಯ ಬಾಗಿಲಿಗೆ ಹೋಗಿ ನಿಲ್ಲುವ ತಾಳ್ಮೆ ನಮಗಿದೆಯೇ?