ಮಗು ಕಳೆದುಕೊಂಡವರು ಇನ್ನೊಬ್ಬ ತಾಯಿಯನ್ನು ನೋಡಲು ಹೋಗಬಹುದೇ?

ಪ್ರಶ್ನೆ: ಎರಡು ವರ್ಷದ ಹಿಂದೆ, ಎಂಟು ತಿಂಗಳು ತುಂಬಿದ್ದಾಗ ನಮ್ಮ ಮಗು ಹೊಟ್ಟೆಯಲ್ಲೇ ಹೋಯಿತು. ಹೆರಿಗೆಯಾದ ಆಸ್ಪತ್ರೆಯ ನರ್ಸ್ ಒಬ್ಬರು ಈಗ ಫೋನ್ ಮಾಡಿ, ಹೀಗೇ ಮಗು ಕಳೆದುಕೊಂಡವರ ಹತ್ತಿರ ವಾರಕ್ಕೊಮ್ಮೆ ಬಂದು ಕೂತು ಮಾತಾಡುತ್ತೀರಾ ಎಂದು ನನ್ನನ್ನೂ ನಮ್ಮ ಯಜಮಾನರನ್ನೂ ಕೇಳಿದ್ದಾರೆ. ಅಂಥ ಕಡೆ ಹೋಗಿ ಬಂದರೆ ಮುಂದಿನ ಗರ್ಭಕ್ಕೂ ದೋಷ ತಟ್ಟುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಹೋಗಬಹುದೇ? ನಮ್ಮ ಮಗುವಿಗೆ ಯಾವ ಕರ್ಮವನ್ನೂ ಮಾಡಲಿಲ್ಲ. ಅದಕ್ಕೆ ಸದ್ಗತಿ ಆಗಿದೆಯೇ?
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ತಾಯಿ, ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ವಿವರ. ಧಾರಾಳವಾಗಿ ಹೋಗಿ. ನಿಮಗೂ ದೋಷವಿಲ್ಲ, ಮುಂದೆ ನಿಮ್ಮ ಮಡಿಲಿಗೆ ಬರುವ ಮಗುವಿಗೂ ದೋಷವಿಲ್ಲ.

ಮೈಲಿಗೆಯ ವಿಚಾರ ನೋಡೋಣ. ಗರ್ಭ ನಾಲ್ಕು ತಿಂಗಳೊಳಗೆ ಹೋದರೆ ಸ್ರಾವ, ಐದು-ಆರನೇ ತಿಂಗಳಲ್ಲಾದರೆ ಪಾತ, ಏಳನೇ ತಿಂಗಳಿಂದ ಮೇಲೆ ಪ್ರಸವ ಎಂದು ಧರ್ಮಶಾಸ್ತ್ರದ ಲೆಕ್ಕ. ಅದರಂತೆ ನಿಮ್ಮದು ಪ್ರಸವವೇ. ಮಗು ಅಳಲಿಲ್ಲ ಎಂದ ಮಾತ್ರಕ್ಕೆ ಶಾಸ್ತ್ರ ನಿಮ್ಮನ್ನು ಬಾಣಂತಿಯಲ್ಲ ಎನ್ನಲಿಲ್ಲ. "ಏನೂ ಆಗಿಲ್ಲ ಅಂದ್ಕೊಂಡು ಇದ್ದುಬಿಡು" ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅದು ಅವರ ಮಾತು, ಶಾಸ್ತ್ರದ್ದಲ್ಲ. ಹತ್ತು ದಿನದ ಪುರುಡು ಎರಡು ವರ್ಷದ ಹಿಂದೆಯೇ ಕಳೆಯಿತು. ಬೇರೆಯವರ ಮನೆಯ ಸೂತಕ ಅವರ ದಾಯಾದಿಗಳಿಗೆ. ನೋಡಿ ಮಾತಾಡಿಸಿ ಬಂದವರಿಗೆ ಸ್ನಾನ ಮಾಡಿದರೆ ಮುಗಿಯಿತು. ಆಸ್ಪತ್ರೆಗೆ ಹೋಗಿ ಬಂದರೆ ಹೇಗೂ ಸ್ನಾನ ಮಾಡುತ್ತೀರಲ್ಲ!

ಇನ್ನು ಸದ್ಗತಿಯ ಮಾತು. ಎರಡು ವರ್ಷ ತುಂಬದ ಮಗುವನ್ನು ದಹನ ಮಾಡದೆ ಮಣ್ಣು ಮಾಡಬೇಕು, ತರ್ಪಣ ಕೊಡಬೇಕಿಲ್ಲ ಎಂದು ಮನುವೂ ಹೇಳಿದ್ದಾನೆ, ಯಾಜ್ಞವಲ್ಕ್ಯರೂ ಹೇಳಿದ್ದಾರೆ. ಪಾಠಶಾಲೆಯಲ್ಲಿ ಇದನ್ನು ಓದುವಾಗ ನಮ್ಮಲ್ಲೊಬ್ಬ ಹುಡುಗ, "ಹಾಗಾದ್ರೆ ಆ ಮಗು ಲೆಕ್ಕಕ್ಕಿಲ್ಲವಾ ಗುರುಗಳೇ?" ಎಂದು ಕೇಳಿಬಿಟ್ಟ. ಗುರುಗಳು ಪುಸ್ತಕ ಮುಚ್ಚಿಟ್ಟು ಹೇಳಿದರು: "ಕರ್ಮ ಮಾಡೋದು ಹೋದವರಿಗೆ ದಾರಿ ಸುಗಮ ಆಗಲಿ ಅಂತ. ಆ ಮಗು ಯಾರಿಗೂ ಕೆಡುಕು ಮಾಡಿಲ್ಲ, ಯಾವ ಆಸೆಯನ್ನೂ ಉಳಿಸಿಕೊಂಡಿಲ್ಲ. ಅದಕ್ಕೆ ದಾರಿ ತೋರಿಸಲು ನಾವ್ಯಾರು?" ನಿಮಗೂ ಅದನ್ನೇ ಹೇಳುತ್ತೇನೆ. ನೀವು ಏನನ್ನೂ ಬಾಕಿ ಉಳಿಸಿಲ್ಲ.

ಆದರೆ ಮಗುವಿಗೆ ಕರ್ಮ ಬೇಡವೆಂದ ಮಾತ್ರಕ್ಕೆ ತಾಯಿಯ ಸಂಕಟ ಮುಗಿಯಿತೇ? ಭಾಗವತದ ದಶಮಸ್ಕಂಧದಲ್ಲಿ ದೇವಕಿಯ ಕಥೆ ನೆನಪಿಸಿಕೊಳ್ಳಿ. ಕಂಸ ಅವಳ ಆರು ಮಕ್ಕಳನ್ನು ಕೊಂದ. ಎಷ್ಟೋ ವರ್ಷ ಕಳೆಯಿತು, ಮಗ ದ್ವಾರಕೆಯ ಒಡೆಯನಾದ, ಮೊಮ್ಮಕ್ಕಳಾದರು. ಸತ್ತುಹೋಗಿದ್ದ ಗುರುಪುತ್ರನನ್ನು ಕೃಷ್ಣ ಬಲರಾಮರು ತಂದುಕೊಟ್ಟರೆಂಬುದು ಕಿವಿಗೆ ಬಿದ್ದದ್ದೇ, ಅವಳಿಗೆ ಆ ಆರು ಮಕ್ಕಳು ನೆನಪಾಗಿ ಕಣ್ಣೀರು ಬಂತು. ಒಮ್ಮೆ ನೋಡಬೇಕು ಎಂದು ಕೇಳಿದಳು. ಭಗವಂತನೇ ಮಗನಾಗಿ ಎದುರಿಗಿದ್ದರೂ ಕೇಳಿದಳು! "ನಾನಿದ್ದೇನಲ್ಲ, ಹಳೇದೆಲ್ಲ ಯಾಕಮ್ಮ" ಎಂದು ಕೃಷ್ಣ ಹೇಳಲಿಲ್ಲ. ಸುತಲಕ್ಕೆ ಹೋಗಿ ಆ ಮಕ್ಕಳನ್ನು ಕರೆತಂದು ಅವಳ ತೊಡೆಯ ಮೇಲೆ ಕೊಟ್ಟ. ಹೋದ ಮಗುವನ್ನು ನೆನೆಯುವುದು ತಪ್ಪಾಗಿದ್ದರೆ ಅವನು ಹಾಗೆ ಮಾಡುತ್ತಿದ್ದನೇ?

ನಮ್ಮ ಮನೆಯ ಮಾತೊಂದನ್ನು ಇಲ್ಲಿ ಹೇಳಬೇಕು. ಈ ಅಂಕಣದಲ್ಲಿ ಇದುವರೆಗೆ ಬರೆದಿಲ್ಲ. ನಮ್ಮ ಮೊದಲ ಮಗ ಒಂಬತ್ತು ದಿನ ಇದ್ದ. ನಾಮಕರಣಕ್ಕೆ ಎರಡು ದಿನ ಇತ್ತು. ಹೆಸರಿಡುವ ಮೊದಲೇ ಹೋದ. ನಾನು ಓದಿದವನಲ್ಲವೇ, ಹೆಂಡತಿಗೆ "ಋಣ ಇಷ್ಟೇ ಇತ್ತು" ಎಂದು ಹೇಳಿ, ಮೈಲಿಗೆ ಕಳೆದ ಮೇಲೆ ಬೇರೆಯವರ ಮನೆಯ ನಾಮಕರಣಕ್ಕೆ ಹೊರಟುಬಿಟ್ಟೆ. ಹಾಲು ಕಟ್ಟಿಕೊಂಡು ಅವಳು ನರಳುತ್ತಿದ್ದದ್ದೂ ನನಗೆ ಗೊತ್ತಿರಲಿಲ್ಲ. ಹಿಂದಿನ ಬೀದಿಯ ಅಜ್ಜಿಯೊಬ್ಬರು ಬಂದರು. ಅವರೂ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವರು. ಹಾಲು ಇಳಿಯಲಿ ಎಂದು ಹಳೆ ಕಾಲದವರು ಮಾಡುತ್ತಿದ್ದಂತೆ ಮಲ್ಲಿಗೆ ಹೂವನ್ನು ಇವಳ ಎದೆಗೆ ಕಟ್ಟಿದರು. ಆಮೇಲೆ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಒಂದೇ ಮಾತು ಕೇಳಿದರಂತೆ: "ಮಗು ಯಾರ ಹಾಗಿತ್ತು?"

ಅಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವಳು ಸಂಜೆವರೆಗೂ ಮಗನ ಕಿವಿ, ಕಾಲ್ಬೆರಳು, ತಲೆಗೂದಲು ಹೇಗಿತ್ತು ಎಂದು ಹೇಳಿದಳಂತೆ. ಅವತ್ತು ರಾತ್ರಿ ಊಟ ಮಾಡಿದಳು. ನನ್ನ ವೇದಾಂತದಿಂದ ಆಗದ್ದು ಆ ಅಜ್ಜಿಯಿಂದ ಆಯಿತು.

ಹಾಗಾಗಿ ನಿಮ್ಮನ್ನು ಕರೆದ ನರ್ಸಮ್ಮ ಸರಿಯಾದವರನ್ನೇ ಕರೆದಿದ್ದಾರೆ. "ನನ್ನ ಮನಸ್ಸು ಹಗುರ ಆಗಲಿ ಅಂತ ಹೋದರೆ ಅದು ಸ್ವಾರ್ಥವಲ್ಲವೇ?" ಎಂಬ ಸಂಶಯ ಮುಂದೆ ಬರಬಹುದು. ಅನ್ನದಾನ ಮಾಡಿದವನಿಗೆ ಸಂತೋಷವಾದರೆ ದಾನ ಕೆಡುವುದಿಲ್ಲ, ಇದೂ ಹಾಗೆಯೇ. ಕೆಡುವುದು ಯಾವಾಗ ಎಂದರೆ, ಅವರ ದುಃಖ ಕೇಳಲು ಹೋಗಿ ನಮ್ಮ ದುಃಖವನ್ನೇ ಅವರ ತಲೆ ಮೇಲೆ ಹೊರಿಸಿ ಬಂದಾಗ. ಅದಕ್ಕೇ ಕೆಲವು ನಿಯಮ ಹೇಳುತ್ತೇನೆ, ವ್ರತದ ಹಾಗೆ ಪಾಲಿಸಿ.

ಮೊದಲನೆಯದು, ಕಾರಣ ಹೇಳಬೇಡಿ. ಪೂರ್ವಜನ್ಮ, ಗ್ರಹಣ, ದೃಷ್ಟಿ, ಜಾತಕ ಯಾವುದೂ ಬೇಡ. ಜ್ಯೋತಿಷ್ಯ ಹೇಳುವ ನಾನೇ ಹೀಗೆ ಬರೆಯುತ್ತಿದ್ದೇನೆ ಎಂದು ಆಶ್ಚರ್ಯವೇ? ಒಮ್ಮೆ ಒಬ್ಬ ಹೆಣ್ಣುಮಗಳ ಜಾತಕದ ಐದನೇ ಮನೆ ನೋಡಿ, ಮನೆಯವರೆಲ್ಲರ ಎದುರಿಗೇ ಸಂತಾನದೋಷ ಎಂದುಬಿಟ್ಟೆ. ಆಮೇಲೆ ಆ ಮನೆಯವರು ಅವಳನ್ನು ಅದೇ ಹೆಸರಿನಿಂದ ನೋಡತೊಡಗಿದರು. ಆ ಪಾಪ ನನ್ನದು. ಸಂಕಟದಲ್ಲಿರುವವರು ಕಾರಣ ಕೇಳಿದರೆ "ಗೊತ್ತಿಲ್ಲಮ್ಮ" ಎನ್ನುವುದೇ ಸತ್ಯ, ಅದೇ ಧರ್ಮ. ದೇಹದ ಕಾರಣವನ್ನು ವೈದ್ಯರು ಹೇಳಲಿ.

ಎರಡನೆಯದು, "ಇನ್ನೊಂದು ಆಗತ್ತೆ ಬಿಡಿ" ಎನ್ನಬೇಡಿ. ಹೋದದ್ದು ಆ ಮಗು. ಇನ್ನೊಂದು ಬಂದರೂ ಅದು ಬೇರೆ ಮಗುವೇ.

ಮೂರನೆಯದು, ಯಜಮಾನರನ್ನು ಕರೆದುಕೊಂಡೇ ಹೋಗಿ. ಬಾಣಂತಿಯ ಸುತ್ತ ನಾಲ್ಕು ಹೆಂಗಸರಾದರೂ ಇರುತ್ತಾರೆ. ಹೊರಗೆ ಬಿಲ್ಲು ಕಟ್ಟಿ, ಮಗುವನ್ನು ಕೈಯಲ್ಲಿ ಹೊತ್ತು ಮಣ್ಣು ಮಾಡಿ ಬಂದ ಗಂಡಸನ್ನು "ನೀನು ಹೇಗಿದ್ದೀಯಪ್ಪ" ಎಂದು ಕೇಳುವವರೇ ಇರುವುದಿಲ್ಲ. ನನ್ನ ಕಥೆಯಲ್ಲೂ ಹಾಗೇ ಆಯಿತು.

ನಾಲ್ಕನೆಯದು, ನಮ್ಮ ಮಾತಿಗೊಂದು ಮಿತಿ ಇದೆ. ಆ ತಾಯಿಗೆ ಜ್ವರ ಬಂದರೆ, ಎದೆ ಕೆಂಪಾಗಿ ಗಟ್ಟಿಯಾದರೆ, ಹೂವು ಕಟ್ಟಿಕೊಂಡು ಕೂರಬಾರದು, ವೈದ್ಯರಿಗೆ ತೋರಿಸಬೇಕು. ನಿದ್ದೆ ಊಟ ಬಿಟ್ಟು "ನಾನೂ ಹೋಗ್ತೀನಿ" ಎಂಬ ಮಾತು ಬಂದರೆ ಗುಟ್ಟಾಗಿಡದೆ ಆಸ್ಪತ್ರೆಯವರಿಗೆ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಅವಳು ಕೆಲಸಕ್ಕೆ ಹೋಗುವವಳಾದರೆ, ಗರ್ಭಪಾತವಾದರೂ ಆರು ವಾರದ ಸಂಬಳಸಹಿತ ರಜೆಗೆ ಕಾನೂನಿನಲ್ಲಿ ಅವಕಾಶವಿದೆ ಎಂದು ತಿಳಿಸಿ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಕೊನೆಯದಾಗಿ, ಹೋಗಲು ಮನಸ್ಸಾಗದ ವಾರ ಹೋಗಬೇಡಿ. ನೀವು ಮತ್ತೆ ಗರ್ಭಿಣಿಯಾಗಿ ಮನಸ್ಸು ಅಳುಕಿದರೆ ಸ್ವಲ್ಪ ಕಾಲ ನಿಲ್ಲಿಸಿ. ಅದು ದೋಷದ ಭಯಕ್ಕಲ್ಲ, ನಿಮ್ಮ ನೆಮ್ಮದಿಗೆ. ನಿಮಗೂ ದಯೆ ಬೇಕು.

ಕರ್ಮ ಬೇಡವೆಂದರೂ ನೆನಪಿಗೆ ಅಡ್ಡಿಯಿಲ್ಲ. ಮಗು ಹೋದ ತಿಥಿಯಂದು ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿ, ಬಡ ಬಾಣಂತಿಯೊಬ್ಬಳಿಗೆ ಹಾಲೋ ಬಟ್ಟೆಯೋ ಕೊಡಿ. ಮನಸ್ಸಿನಲ್ಲೇ ಮಗುವಿಗೊಂದು ಹೆಸರಿಟ್ಟು ಕರೆದರೂ ತಪ್ಪಿಲ್ಲ. ನಮ್ಮ ಮನೆಯವಳು ಇಟ್ಟುಕೊಂಡಿದ್ದಾಳೆ. ಆ ಹೆಸರು ನನಗೆ ಗೊತ್ತಾದದ್ದೇ ಮೂವತ್ತು ವರ್ಷದ ಮೇಲೆ.

ಅತ್ತೆಯವರ ಜತೆ ವಾದಕ್ಕೆ ನಿಲ್ಲಬೇಡಿ. ಈ ಪತ್ರಿಕೆಯನ್ನು ಅವರ ಮುಂದೆ ಹಿಡಿದು "ನೋಡಿ, ಶಾಸ್ತ್ರಿಗಳೇ ಹೇಳಿದ್ದಾರೆ" ಎನ್ನುವುದೂ ಬೇಡ. ಅವರ ಕಾಲದಲ್ಲಿ ಇಂಥ ನೋವು ಕಾಣದ ಮನೆಗಳು ಕಡಿಮೆ. ಒಂದು ಸಂಜೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂತು, "ಅತ್ತೆ, ನಿಮಗೂ ಯಾವತ್ತಾದ್ರೂ ಹೀಗೆ ಆಗಿತ್ತಾ?" ಎಂದು ಮೆಲ್ಲಗೆ ಕೇಳಿ. ಹೌದು ಎಂದರೆ ಅವಸರ ಮಾಡಬೇಡಿ, ಕೇಳಿಸಿಕೊಳ್ಳಿ. ನಿಮ್ಮ ಸೇವೆ ಅಲ್ಲಿಂದಲೇ ಶುರುವಾಗಲಿ.

ದಂಪತಿಗಳಿಗೆ ಶುಭವಾಗಲಿ.