ಒತ್ತು ಯಾರದು?

ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯಲ್ಲಿ ಪೌರಾಣಿಕ ನಾಟಕದ ಕರಪತ್ರ ಕೈಗೆ ಬಾರದವರು ಕಡಿಮೆ. ಹಾಳೆಯ ನಡುವೆ ‘ಕುರುಕ್ಷೇತ್ರ’ ಎಂಬ ಹೆಸರು ದಪ್ಪಗೆ, ಬಲಕ್ಕೆ ವಾಲಿಕೊಂಡು ಮೆರೆಯುತ್ತಿರುತ್ತದೆ. ಊರದೇವರ ಹೆಸರು ತೀರ ಮೇಲೆ, ‘ಪ್ರಸನ್ನ’ ಎಂದು ಮುಗಿಯುವ ಪುಟ್ಟ ಸಾಲಿನಲ್ಲಿರುತ್ತದೆ. ದೇವರಿಗಿಂತ ನಾಟಕ ದೊಡ್ಡದಾಯಿತೆಂದು ಯಾರೂ ತಕರಾರು ಎತ್ತುವುದಿಲ್ಲ. ಮೇಲಿನ ಜಾಗವೇ ದೇವರಿಗೆ ಸಲ್ಲುವ ಮರ್ಯಾದೆ.

ಈ ತಿಳಿವಳಿಕೆ ಹಳೆಯದು. ಕನ್ನಡ ನಾಡಿನ ಎಷ್ಟೋ ದಾನಶಾಸನಗಳ ನೆತ್ತಿಯಲ್ಲಿ ಲಿಂಗ, ಸೂರ್ಯ, ಚಂದ್ರ, ಹಸು ಇರುತ್ತವೆ. ಕೆಳಗೆ ದೇವರ ಸ್ತುತಿಗೂ ಅರಸನ ಬಿರುದಿಗೂ ಹೊಲದ ಎಲ್ಲೆಗೂ ಸಾಮಾನ್ಯವಾಗಿ ಒಂದೇ ಬಗೆಯ ಅಕ್ಷರ.

ಹಾಗಾದರೆ ಪವಿತ್ರವಾದ ಮಾತಿಗೆ ಅಕ್ಷರ ದಪ್ಪ ಮಾಡಿಯೋ ಓರೆ ಮಾಡಿಯೋ ಒತ್ತು ಕೊಟ್ಟಾಗ, ಆ ಒತ್ತು ಯಾರದು?

ಓರೆ ಅಕ್ಷರ ಅಚ್ಚಿಗೆ ಬಂದದ್ದೇ ಧಾರ್ಮಿಕ ಪುಸ್ತಕವೊಂದರ ಮೂಲಕ. 1500ರಲ್ಲಿ ವೆನಿಸ್‌ನ ಆಲ್ಡಸ್ ಮನೂಷಿಯಸ್ ಸಂತ ಕ್ಯಾಥರೀನಳ ಪತ್ರಗಳನ್ನು ಅಚ್ಚು ಹಾಕಿದಾಗ, ಅದರ ಚಿತ್ರವೊಂದರಲ್ಲಿ ಯೇಸುವನ್ನು ಕರೆಯುವ ಕೆಲವೇ ಪದಗಳು ಹೀಗೆ ಮೂಡಿದವು. ಬರಹಗಾರರು ಬೇಗಬೇಗ ಬರೆಯುವಾಗ ಕೈ ವಾಲುವ ರೀತಿಯನ್ನು ಅನುಸರಿಸಿ ಫ್ರಾಂಚೆಸ್ಕೊ ಗ್ರಿಫೊ ಆ ಅಚ್ಚುಮೊಳೆ ಕೊರೆದಿದ್ದ. 1560ರ ಜಿನೀವಾ ಬೈಬಲ್ ಅದಕ್ಕೆ ಇನ್ನೂ ಗಂಭೀರವಾದ ಕೆಲಸ ಕೊಟ್ಟಿತು. ಮೂಲದಲ್ಲಿಲ್ಲದೆ, ಅರ್ಥ ಕೂಡಿಬರಲೆಂದು ಅನುವಾದಕರು ಸೇರಿಸಿದ ಪದಗಳನ್ನು ಓರೆಯಾಗಿ ಅಚ್ಚಿಸಿತು. ಇದು ದೇವರ ಮಾತಲ್ಲ, ನಮ್ಮದು ಎಂದು ಪುಟವೇ ಒಪ್ಪಿಕೊಂಡಿತು.

ನಮ್ಮ ಶಾಸನ ಸಂಪಾದಕರದೂ ಇದೇ ನಿಷ್ಠೆ. ಕಲ್ಲು ಸವೆದಲ್ಲಿ ತಾವು ಊಹಿಸಿ ತುಂಬಿದ ಅಕ್ಷರವನ್ನು ಅವರು ಕಂಸದೊಳಗೆ ಇಡುತ್ತಾರೆ.

ದಪ್ಪ ಓರೆ ಅಕ್ಷರದ ಕಥೆ ಬೇರೆ. ಅಮೆರಿಕದ ಆಸ್ವಾಲ್ಡ್ ಕೂಪರ್ 1922ರಲ್ಲಿ ರೂಪಿಸಿದ ಕೂಪರ್ ಬ್ಲ್ಯಾಕ್ ಎಂಬ ದಪ್ಪ ಅಕ್ಷರಶೈಲಿ ಜಾಹೀರಾತಿಗೆಂದೇ ಹುಟ್ಟಿದ್ದು. ಆಮೇಲೆ ಅದರ ಓರೆ ರೂಪವೂ ಬಂತು. ಗುಂಡಾದ ಅಂಚು, ತುಂಬಿದ ಮೈ. 1966ರ ‘ಪೆಟ್ ಸೌಂಡ್ಸ್’ ಎಂಬ ಹಾಡುಗಳ ತಟ್ಟೆಯ ಹೊದಿಕೆಯಲ್ಲಿ ಮಿಂಚಿದ ಈ ಅಕ್ಷರ ಇಂದಿಗೂ ಹಳೆಯ ಕಾಲದ ಸಡಗರವನ್ನು ನೆನಪಿಸುತ್ತದೆ. ಅದು ಕೂಗಿ ಕರೆಯುವ ಅಕ್ಷರ. ಜಾತ್ರೆಗೆ, ನಾಟಕಕ್ಕೆ ಸೊಗಸಾಗಿ ಒಪ್ಪುತ್ತದೆ.

ಸ್ತೋತ್ರದ ಪುಸ್ತಕಕ್ಕೆ ಮಾತ್ರ ಒಪ್ಪುವುದಿಲ್ಲ. ಕನ್ನಡ ಲಿಪಿಗೆ ತನ್ನದೇ ಓರೆ ಬರಹದ ಪರಂಪರೆ ಇಲ್ಲದ್ದರಿಂದ ಕಂಪ್ಯೂಟರ್ ಅಕ್ಷರವನ್ನು ಸುಮ್ಮನೆ ತಳ್ಳುತ್ತದೆ: ತಲೆಕಟ್ಟು ಬಲಕ್ಕೆ ಜಾರಿದರೆ ಒತ್ತಕ್ಷರ ಎಡಕ್ಕೆ ಸರಿಯುತ್ತದೆ. ದಪ್ಪ ಹೆಚ್ಚಿದಂತೆ ‘ಷ’ದ ಒಳಗೆರೆ ಕಟ್ಟಿಕೊಂಡು ‘ಪ’ದಂತೆ ಕಾಣುತ್ತದೆ, ‘ಧ’ದ ಸೀಳು ಮುಚ್ಚಿ ‘ದ’ ಆಗುತ್ತದೆ. ಉಚ್ಚಾರವೇ ಪೂಜೆಯೆಂದು ನಂಬಿದವರಿಗೆ ಇದು ಸಣ್ಣ ನಷ್ಟವಲ್ಲ. ಲಿಪಿಯ ಒಳಗಿನಿಂದಲೇ ದಪ್ಪ ಹುಟ್ಟಿಸಬಹುದೆಂಬುದಕ್ಕೆ ಏಕ್ ಟೈಪ್ ಬಳಗದ ‘ಬಾಲೂ ತಮ್ಮ’ ಎಂಬ ಕನ್ನಡ ಅಕ್ಷರಶೈಲಿಯೇ ಸಾಕ್ಷಿ.

ವಚನ, ಪುರಾಣಗಳನ್ನು ಟೀಕೆಯೊಡನೆ ಅಚ್ಚು ಹಾಕುವ ಪ್ರಕಾಶಕರು ಮೂಲವನ್ನು ನೇರ ಅಕ್ಷರದಲ್ಲೇ ಬಿಟ್ಟು, ವ್ಯಾಖ್ಯಾನಕಾರ ಸೇರಿಸಿದ್ದನ್ನು ತೆಳು ಅಕ್ಷರದಲ್ಲೋ ಕಂಸದಲ್ಲೋ ಬೇರೆಯಾಗಿ ಕಾಣಿಸಲಿ. ಆಗ ಓದುಗ ತಲೆಬಾಗುತ್ತಿರುವುದು ಯಾರ ಮಾತಿಗೆ ಎಂದು ಅವನಿಗೇ ತಿಳಿದಿರುತ್ತದೆ.