ಅನುಮಾನವೂ ಒಂದು ಅರಿವು

ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಬೇಡಿ ರಾಜನ ಕಣಜವನ್ನೇ ಬರಿದು ಮಾಡಿದ ಜಾಣನ ಕಥೆ ಎಲ್ಲರಿಗೂ ಗೊತ್ತು. ಆ ಹಲಗೆಗೆ ಇನ್ನು ಮೂರು ಮನೆ ಸೇರಿಸಿ 67 ಮಾಡೋಣ. ಒಟ್ಟು ಕಾಳುಗಳು 2ರ 67ನೇ ಘಾತಕ್ಕೆ ಒಂದು ಕಡಿಮೆ: 14,75,73,95,25,89,67,64,12,927. ಒಂದು ಕಾಳೂ ಮಿಗದಂತೆ ಈ ರಾಶಿಯನ್ನು ಸಮನಾದ ಗುಡ್ಡೆಗಳಾಗಿ ಹಂಚಬಹುದೇ?

ಹಂಚಲಾಗದು, ಇದು ಅವಿಭಾಜ್ಯ ಸಂಖ್ಯೆ ಎಂದು 1644ರಲ್ಲಿ ಬರೆದವನು ಫ್ರಾನ್ಸಿನ ಪಾದ್ರಿ ಮರಿನ್ ಮರ್ಸೆನ್. ಆ ಮಾತು ಎರಡು ಶತಮಾನಕ್ಕೂ ಮೀರಿ ಬಾಳಿತು. 1876ರಲ್ಲಿ ಗಣಿತಜ್ಞ ಎದುವಾರ್ ಲ್ಯೂಕಾ ಅದನ್ನು ಸುಳ್ಳಾಗಿಸಿದ. ಅವಿಭಾಜ್ಯವಾಗಿದ್ದರೆ ಇರಲೇಬೇಕಾದ ಲಕ್ಷಣವೊಂದು ಈ ಸಂಖ್ಯೆಗಿಲ್ಲ ಎಂದು ಅವನು ತೋರಿಸಿದ. ಆದರೆ ಅದು ಯಾವುದರಿಂದ ಭಾಗವಾಗುತ್ತದೆ ಎಂಬುದು ಅವನಿಗೂ ತಿಳಿಯಲಿಲ್ಲ.

ಹಾಗಿದ್ದರೆ ಲ್ಯೂಕಾನದು ಅರೆಬರೆ ತಿಳಿವಳಿಕೆಯೇ? ನಾನು ಒಪ್ಪುವುದಿಲ್ಲ. ಬೆಟ್ಟದ ಮೇಲೆ ಹೊಗೆ ಕಂಡವನು ಅಲ್ಲಿ ಬೆಂಕಿಯಿದೆ ಎನ್ನುತ್ತಾನೆ. ನಮ್ಮ ನ್ಯಾಯಶಾಸ್ತ್ರ ಇದನ್ನು ಅನುಮಾನವೆಂದು ಕರೆದು, ಪ್ರತ್ಯಕ್ಷದ ಜೊತೆಯಲ್ಲೇ ಪ್ರಮಾಣವಾಗಿ ಕೂರಿಸಿತು. ಆಡುಮಾತಿನಲ್ಲಿ ಈಗ ಅನುಮಾನವೆಂದರೆ ಸಂಶಯ. ತರ್ಕದಲ್ಲಿ ಅದು ಸಂಶಯ ಕಳೆಯುವ ದಾರಿ. ಲ್ಯೂಕಾ ಬೆಂಕಿಯನ್ನು ಕಾಣಲಿಲ್ಲ ನಿಜ, ಆದರೆ ಅವನ ಅರಿವಿನಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಮರ್ಸೆನ್ ಆ ಮಾತು ಬರೆಯುತ್ತಿದ್ದಾಗಲೂ ಆ ಸಂಖ್ಯೆ ತನ್ನ ಅಪವರ್ತನಗಳಿಂದ ಭಾಗವಾಗುತ್ತಲೇ ಇತ್ತು, ಯಾರ ಅಪ್ಪಣೆಗೂ ಕಾಯಲಿಲ್ಲ.

1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯೊಂದರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಆ ಅಪವರ್ತನಗಳನ್ನು ಮುಂದಿಟ್ಟ: 19,37,07,721 ಮತ್ತು 7,61,83,82,57,287. ಮಾತೇ ಆಡದೆ ಕರಿಹಲಗೆಯ ಮೇಲೆ ಗುಣಿಸಿ ತೋರಿಸಿ ಹೋಗಿ ಕುಳಿತ, ಸಭೆ ಚಪ್ಪಾಳೆ ತಟ್ಟಿತು ಎಂದು ಹೇಳುತ್ತಾರೆ. ಅವನ್ನು ಹುಡುಕಲು ಮೂರು ವರ್ಷದ ಭಾನುವಾರಗಳು ಹಿಡಿದವಂತೆ.

ಲ್ಯೂಕಾ ಹೇಳಿದ ಸತ್ಯಕ್ಕೆ ಕೋಲ್ ಹೆಚ್ಚಿನ ಖಚಿತತೆಯನ್ನೇನೂ ಕೊಡಲಿಲ್ಲ. ಅವನು ಕೊಟ್ಟದ್ದು ಬೇರೆ, ನನಗೆ ಬಹಳ ಪ್ರಿಯವಾದದ್ದು. ಲ್ಯೂಕಾನ ಸಾಧನೆಯನ್ನು ಪರೀಕ್ಷಿಸಲು ಗಣಿತ ಓದಿರಬೇಕು. ಕೋಲ್‌ನದನ್ನು ಪರೀಕ್ಷಿಸಲು ಮಗ್ಗಿ ಬಂದರೆ ಸಾಕು. ಹುಡುಕುವ ಕಷ್ಟವನ್ನೆಲ್ಲ ಅವನೊಬ್ಬನೇ ಹೊತ್ತು, ಪರೀಕ್ಷಿಸುವ ಅಧಿಕಾರವನ್ನು ಪ್ರಾಥಮಿಕ ಶಾಲೆಯ ಮಕ್ಕಳ ಕೈಗೂ ಕೊಟ್ಟ. ಮರ್ಸೆನ್‌ನ ಮಾತನ್ನು ನಂಬಬೇಕಿತ್ತು, ಕೋಲ್‌ನನ್ನು ನಂಬುವ ಅಗತ್ಯವೇ ಇಲ್ಲ. ಕಂಡುಹಿಡಿಯುವುದು ಕಷ್ಟ, ಗುಣಿಸಿ ನೋಡುವುದು ಸುಲಭ ಎಂಬ ಈ ಅಂತರವೇ ಇಂದು ಆನ್‌ಲೈನ್ ವ್ಯವಹಾರದ ಎಷ್ಟೋ ಗುಪ್ತಲಿಪಿಗಳಿಗೆ ಕಾವಲು. ಅಲ್ಲಿ ಬಳಸುವ ಸಂಖ್ಯೆಗಳಲ್ಲಿ ಆರುನೂರಕ್ಕೂ ಹೆಚ್ಚು ಅಂಕಿಗಳಿರುತ್ತವೆ.

ಕೋಲ್ ಮಾಡಿದ ಗುಣಾಕಾರವನ್ನು ನಾವೇ ಪರೀಕ್ಷಿಸಲು, ಮೊದಲು ಹಳೆಯ ಲೆಕ್ಕದ ಮೇಷ್ಟ್ರುಗಳು ಮಾಡುತ್ತಿದ್ದ ಒಂಬತ್ತರ ತಾಳೆ ನೋಡೋಣ. ಮೊದಲ ಅಪವರ್ತನದ ಅಂಕಿಗಳನ್ನು ಕೂಡಿದರೆ 37, ಮತ್ತೆ ಕೂಡಿದರೆ 10, ಕೊನೆಗೆ 1. ಎರಡನೆಯದು 64, ಅಲ್ಲೂ 1. ಒಂದೊಂದಲೆ ಒಂದು. ದೊಡ್ಡ ಸಂಖ್ಯೆಯ ಅಂಕಿಗಳ ಮೊತ್ತ 109, ಅದೂ 1ಕ್ಕೇ ಇಳಿಯುತ್ತದೆ. ಇದು ತಪ್ಪು ಹಿಡಿಯುವ ಜರಡಿ ಮಾತ್ರ, ಪೂರ್ತಿ ಸಾಕ್ಷಿಯಲ್ಲ. ಪೂರ್ತಿ ಸಾಕ್ಷಿ ಬೇಕಿದ್ದರೆ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ, ಎರಡನ್ನೂ ಒಂದರ ಕೆಳಗೊಂದು ಬರೆಯಿರಿ, ಬಲತುದಿಯ 7ನ್ನು 1ರಿಂದ ಗುಣಿಸುತ್ತಾ ಶುರುಮಾಡಿ.